ರೆಸ್ಕ್ಯೂ ಬೆಕ್ಕು ಬರುವ ಮೊದಲು ಏನೆಲ್ಲ ತೆಗೆದಿಡಬೇಕು? (ನೀರ್ಚಾಲು ಕಡೆ, ಹಂಚಿನ ಮನೆ, ಮೀನು ಬೇಯಿಸದ ಅಡುಗೆಮನೆ)

ನೀರ್ಚಾಲಿನ ಅಕ್ಕ:

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ನಮ್ಮ ಮನೆಗೆ ಒಂದು ಬೆಕ್ಕು ಬರಲಿದೆ. ಕುಂಬಳೆ ಪೇಟೆಯಲ್ಲಿ ಬೈಕಿನಡಿಗೆ ಸಿಕ್ಕಿ ಹಿಂಗಾಲಿಗೆ ಪೆಟ್ಟಾಗಿದ್ದ ಹೆಣ್ಣು ಬೆಕ್ಕು. ಕಾಸರಗೋಡಿನ ಒಬ್ಬರು ಎತ್ತಿಕೊಂಡು ಹೋಗಿ ಎರಡು ತಿಂಗಳು ಸಾಕಿ ಗುಣ ಮಾಡಿದ್ದಾರೆ. ವಯಸ್ಸು ಒಂದು ವರ್ಷದ ಆಸುಪಾಸು. ಮರಿ ಹಾಕದ ಹಾಗೆ ಆಪರೇಷನ್ ಕೂಡ ಆಗಿದೆ. ಬಿಳಿ, ಕಪ್ಪು, ಕಂದು ಮೂರೂ ಬಣ್ಣ ಇದೆ. ಮಗಳು ಆಗಲೇ ಚುಕ್ಕಿ ಅಂತ ಹೆಸರಿಟ್ಟಾಗಿದೆ.

ನಮಗೆ ಬೆಕ್ಕು ಹೊಸತಲ್ಲ. ಅಜ್ಜನ ಕಾಲದಿಂದ ಹಟ್ಟಿಯಲ್ಲೋ ಅಟ್ಟದಲ್ಲೋ ಪುಚ್ಚೆ ಇದ್ದೇ ಇತ್ತು. ಆದರೆ ಅವು ತಾವಾಗಿ ಬಂದವು, ತಾವಾಗಿ ಹೋದವು. ಯಾರೂ ಅವಕ್ಕಾಗಿ ಪೇಟೆಗೆ ಹೋದದ್ದಿಲ್ಲ. ಕೇಳಿ ತಂದು ಸಾಕುವುದು ಇದೇ ಮೊದಲು.

ಇಂಟರ್‌ನೆಟ್‌ನಲ್ಲಿ ನೋಡಿದರೆ ಮೂವತ್ತು ಸಾಮಾನಿನ ಪಟ್ಟಿ. ಹತ್ತಿ ಕೂರುವ ಗೋಪುರ, ನೀರು ಚಿಮ್ಮುವ ಬಟ್ಟಲು, ಕರೆಂಟಿನಲ್ಲಿ ಬಿಸಿಯಾಗುವ ಹಾಸಿಗೆ. ನಮ್ಮ ಏಪ್ರಿಲ್ ಸೆಕೆಗೆ ಬಿಸಿ ಹಾಸಿಗೆ! ಎಲ್ಲ ಕೂಡಿಸಿದರೆ ಹತ್ತು ಸಾವಿರ ದಾಟಿತು. ಮನೆಯವರು ಪಟ್ಟಿ ನೋಡಿ, "ಇದಕ್ಕೆ ಇನ್ನಷ್ಟು ಸೇರಿಸಿದರೆ ಒಂದು ಕರು ಬರುತ್ತಿತ್ತು" ಅಂದರು.

ನಿಜವಾಗಿ ಬೇಕಾದ್ದು ಯಾವುದು, ಮನೆಯಲ್ಲೇ ಆಗುವುದು ಯಾವುದು, ಹೇಳ್ತೀರಾ? ಇನ್ನೊಂದು ದೊಡ್ಡ ಚಿಂತೆ ಊಟದ್ದು. ನಮ್ಮಲ್ಲಿ ಮೀನು ಒಳಗೆ ಬರುವುದಿಲ್ಲ.

ಉಪ್ಪಳದ ಹುಡುಗ:

ಅಕ್ಕಾ, ಮೊದಲು ಕ್ಯಾರಿಯರ್, ಅಂದರೆ ಬೆಕ್ಕನ್ನು ಒಯ್ಯುವ ಪೆಟ್ಟಿಗೆ. ಬೆಕ್ಕು ತರಲು ಹೋಗುವಾಗಲೇ ಅದು ಕೈಯಲ್ಲಿರಬೇಕು. ನಾನು ಹಣ ಉಳಿಸಲು ಹೋಗಿ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಟೇಪು ಸುತ್ತಿ ತಂದೆ. ಹೆದ್ದಾರಿಯಲ್ಲಿ ಒಂದು ಲಾರಿ ಹಾರ್ನ್ ಹೊಡೆದದ್ದೇ ತಡ, ಪೆಟ್ಟಿಗೆಯ ಅಡಿ ಹರಿಯಿತು. ಬೆಕ್ಕು ನೇರ ಆಟೋ ಡ್ರೈವರ್‌ನ ಕಾಲ ಬುಡಕ್ಕೆ. ಅವರು ಬ್ರೇಕ್ ತುಳಿಯಲು ಕಾಲು ಇಟ್ಟರೆ ಅಲ್ಲಿ ಬೆಕ್ಕು. ಹೇಗೋ ಬದಿಗೆ ನಿಲ್ಲಿಸಿದರು. ನನ್ನ ಮುಂಗೈಯಲ್ಲಿ ಈಗಲೂ ನಾಲ್ಕು ಗೆರೆ ಇದೆ. ಆಮೇಲೆ ಇಂಜೆಕ್ಷನ್‌ಗೆ ಸರ್ಕಾರಿ ಆಸ್ಪತ್ರೆಗೆ ಓಡಾಟ ಬೇರೆ.

ಗಟ್ಟಿ ಪ್ಲಾಸ್ಟಿಕ್‌ನದ್ದು, ಮೇಲಿನಿಂದಲೂ ಬಾಗಿಲು ತೆಗೆಯುವಂಥದ್ದು ತೆಗೆದುಕೊಳ್ಳಿ. ಹೆದರಿದ ಬೆಕ್ಕನ್ನು ಮುಂದಿನಿಂದ ಎಳೆಯಲು ಆಗುವುದಿಲ್ಲ, ಮೇಲಿನಿಂದ ಎತ್ತಬಹುದು. ಒಳಗೆ ಹಳೆ ಬೈರಾಸು ಹಾಕಿ. ದಾರಿಯಲ್ಲಿ ಮೇಲಿಂದ ಒಂದು ತೆಳು ಬಟ್ಟೆ ಮುಚ್ಚಿ, ಗಾಳಿ ಆಡಲಿ. ಕತ್ತಲೆಯಾದರೆ ಅದು ಸುಮ್ಮನಿರುತ್ತದೆ. ಮನೆಗೆ ಬಂದ ಮೇಲೆ ಕ್ಯಾರಿಯರನ್ನು ಅಟ್ಟಕ್ಕೆ ಹಾಕಬೇಡಿ. ಬಾಗಿಲು ತೆರೆದು ಕೋಣೆಯ ಮೂಲೆಯಲ್ಲೇ ಇರಲಿ. ಡಾಕ್ಟರ ಹತ್ತಿರ ಹೋಗುವಾಗ ಮಾತ್ರ ಹೊರಗೆ ತೆಗೆದರೆ, ಅದನ್ನು ಕಂಡ ಕೂಡಲೇ ಬೆಕ್ಕು ಮಾಯ.

ಮುಳ್ಳೇರಿಯದ ಅಜ್ಜ:

ಬೆಕ್ಕಿಗೂ ಶಾಪಿಂಗಾ? ನಮ್ಮ ಕಾಲದಲ್ಲಿ ಗೋಣಿಯಲ್ಲಿ ಹಾಕಿ, ಮೂರು ಸುತ್ತು ತಿರುಗಿಸಿ ತರುತ್ತಿದ್ದರು. ದಾರಿ ಗೊತ್ತಾಗಬಾರದು ಅಂತ. ಒಂದು ತೆಂಗಿನ ಗೆರಟೆಯಲ್ಲಿ ಹಾಲು, ಅನ್ನ. ಮುಗಿಯಿತು.

ಪೆರ್ಲದ ಭಾವ:

ಅಜ್ಜ, ಆ ಬೆಕ್ಕುಗಳಲ್ಲಿ ಎಷ್ಟು ಮೂರು ವರ್ಷ ದಾಟಿದವು ಅಂತ ಯಾರಾದರೂ ಲೆಕ್ಕ ಇಟ್ಟಿದ್ದಾರಾ? ನಮ್ಮಲ್ಲಂತೂ ಪ್ರತಿ ಮಳೆಗಾಲ ಹೊಸ ಬೆಕ್ಕು.

ಅಕ್ಕ, ಯಾವ ಪಟ್ಟಿಯಲ್ಲೂ ಇರದ ಒಂದು ಸಂಗತಿ ಹೇಳುತ್ತೇನೆ. ಅದು ಕೋಣೆ. ನಮ್ಮ ಹಂಚಿನ ಮನೆಗಳಲ್ಲಿ ಇದು ಬಹಳ ಮುಖ್ಯ. ನಾನು ಎಲ್ಲ ಖರೀದಿ ಮಾಡಿ, ಬೆಕ್ಕನ್ನು ಚಾವಡಿಯಲ್ಲಿ ಬಿಟ್ಟೆ. "ಇದೇ ನಿನ್ನ ಮನೆ" ಅಂದೆ. ಅದು ಒಂದು ಸಲ ನೋಡಿತು. ಆಮೇಲೆ ಏಣಿ ಹತ್ತಿ ಅಟ್ಟ ಸೇರಿತು. ಅಲ್ಲಿ ನಲವತ್ತು ಮೂಟೆ ಅಡಿಕೆ. ಮೂಟೆಗಳ ಹಿಂದೆ ಗೋಡೆಗೂ ಗೋಣಿಗೂ ಒಂದು ಗೇಣು ಸಂದು. ಟಾರ್ಚ್ ಬಿಟ್ಟರೆ ಎರಡು ಹಸಿರು ಕಣ್ಣು ಮಾತ್ರ. ಎರಡು ದಿನ ಕೆಳಗೆ ಇಳಿಯಲಿಲ್ಲ. ಬಟ್ಟಲು ಇಟ್ಟರೆ ಮುಟ್ಟಿದ ಗುರುತಿಲ್ಲ. ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಲಿವರ್ ಕೆಡುತ್ತದೆ ಅಂತ ಡಾಕ್ಟರು ಫೋನಿನಲ್ಲಿ ಹೇಳಿದ ಮೇಲೆ ನನಗೆ ಜ್ವರ ಬರುವುದೊಂದು ಬಾಕಿ. ಕೊನೆಗೆ ಇಬ್ಬರು ಆಳು ಸೇರಿ ಮೂಟೆ ಒಂದೊಂದಾಗಿ ಸರಿಸಿದರು. ಆ ದಿನದ ಸಂಬಳ ಕ್ಯಾರಿಯರಿಗಿಂತ ಜಾಸ್ತಿ ಆಯಿತು.

ಅದಕ್ಕೆ ಒಂದು ಸಣ್ಣ ಕೋಣೆ ಆರಿಸಿ. ಮೇಲೆ ಮಾಡು ತೆರೆದಿರಬಾರದು, ಹಲಗೆಯದ್ದೋ ಸ್ಲ್ಯಾಬಿನದ್ದೋ ಮುಚ್ಚಿಗೆ ಇರಬೇಕು. ಕಿಟಕಿಗೆ ಸರಳು ಸಾಲದು, ತಲೆ ತೂರಿದಲ್ಲಿ ಬೆಕ್ಕು ತೂರುತ್ತದೆ. ಕಬ್ಬಿಣದ ಬಲೆ ಹೊಡೆಸಿ. ಪಟ್ಟಿಯ ಗೋಪುರದ ಹಣವನ್ನು ಈ ಬಲೆಗೆ ಹಾಕಿ ಅಂತ ನನ್ನ ಅಭಿಪ್ರಾಯ. ಕೋಣೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಅಡ್ಡ ಇಡಿ, ಬಾಯಿ ಗೋಡೆ ಕಡೆ ಇರಲಿ. ಬೆಕ್ಕಿಗೆ ಮೊದಲ ದಿನ ಬೇಕಾದ್ದು ಹಾಸಿಗೆಯಲ್ಲ, ಅಡಗಲು ಒಂದು ಮೂಲೆ. ಬಟ್ಟಲು ಒಂದು ಬದಿ, ಲಿಟರ್ (ಬೆಕ್ಕು ಹೇಲು ಉಚ್ಚೆ ಮಾಡಲು ಟ್ರೇಯಲ್ಲಿ ಹಾಕಿಡುವ ಹುಡಿ) ಎದುರು ಬದಿ. ತಿನ್ನುವ ಜಾಗದ ಹತ್ತಿರ ಅದು ಹೇಲುವುದಿಲ್ಲ. ನಾವಾದರೂ ಹಾಗೇ ಅಲ್ವಾ?

ಕೆಲವು ಬೆಕ್ಕು ಮೂರು ದಿನದಲ್ಲಿ ಹೊರಗೆ ಬರುತ್ತದೆ, ಕೆಲವಕ್ಕೆ ಮೂರು ವಾರ ಬೇಕು. ಮಗಳಿಗೆ ಮೊದಲೇ ಹೇಳಿಡಿ, ಎಳೆಯಬಾರದು.

ಮಂಜೇಶ್ವರದ ಟೀಚರ್:

ಲಿಟರ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ಹೇಳುತ್ತೇನೆ, ನಮ್ಮಲ್ಲಿ ಮೂರು ಮಾಜ್ಜರ, ಅಂದರೆ ಬೆಕ್ಕು, ಇವೆ.

ಅಂಗಡಿಯ ಟ್ರೇಗಳು ಎಲ್ಲ ಸಣ್ಣವು. ಬಾಲ ಬಿಟ್ಟು ಬೆಕ್ಕಿನ ಉದ್ದ ಎಷ್ಟೋ, ಅದರ ಒಂದೂವರೆ ಪಟ್ಟು ಇರಬೇಕು. ನಾನು ಪಾತ್ರೆ ಅಂಗಡಿಯಿಂದ ಅಗಲದ ಪ್ಲಾಸ್ಟಿಕ್ ಟಬ್ ತಂದೆ, ಅರ್ಧ ಬೆಲೆ. ನಿಮ್ಮ ಚುಕ್ಕಿಗೆ ಹಿಂಗಾಲು ಪೆಟ್ಟಾದ್ದಲ್ವಾ? ಹಾಗಾದರೆ ಒಂದು ಬದಿಯ ಅಂಚನ್ನು ಅಡಿಯಿಂದ ನಾಲ್ಕು ಇಂಚು ಬಿಟ್ಟು ಕತ್ತರಿಸಿ, ಅಂಚಿಗೆ ಟೇಪು ಅಂಟಿಸಿ. ಹಾರಿ ಒಳಗೆ ಹೋಗಲು ನೋವಾದರೆ ಅದು ಟಬ್ಬನ್ನೇ ಬಿಟ್ಟು ನಿಮ್ಮ ಚಾಪೆ ಹುಡುಕುತ್ತದೆ. ಸಾಧ್ಯವಿದ್ದರೆ ಎರಡು ಟಬ್ ಇಡಿ. ಒಂದು ಬೆಕ್ಕಿಗೆ ಎರಡು, ಎರಡಕ್ಕೆ ಮೂರು, ಹೀಗೆ ಒಂದು ಹೆಚ್ಚಿಗೆ ಇರುವುದು ಒಳ್ಳೆಯದು.

ಒಳಗೆ ಹಾಕುವುದಕ್ಕೆ ಮೊದಲ ಎರಡು ವಾರ ಅವರು ಈಗ ಯಾವುದು ಉಪಯೋಗಿಸುತ್ತಾರೋ ಅದೇ. ಕೇಳಿ ತಿಳಿದುಕೊಂಡು ಅದೇ ತನ್ನಿ. ಸುವಾಸನೆ ಸೇರಿಸಿದ್ದು ಬೇಡ, ಅದು ನಮಗೆ ಹಿತ, ಅವಕ್ಕಲ್ಲ. ಎರಡು ಮೂರು ಇಂಚು ದಪ್ಪ ಇರಲಿ. ಆಮೇಲೆ ಖರ್ಚು ಜಾಸ್ತಿ ಅನಿಸಿದರೆ ಮಿಲ್ಲಿನ ಮರದ ಹುಡಿಗೆ ನಿಧಾನವಾಗಿ ಬದಲಾಯಿಸಬಹುದು. ದಿನಕ್ಕೆ ಒಂದು ಹಿಡಿ ಹಳೆಯದು ಕಡಿಮೆ, ಒಂದು ಹಿಡಿ ಹೊಸತು ಜಾಸ್ತಿ. ಆದರೆ ಹುಡಿಯನ್ನು ಜರಡಿ ಹಿಡಿಯಿರಿ. ನಯವಾದ ಧೂಳು ಮೂಗಿಗೆ ಹೋಗಿ ನಮ್ಮದೊಂದು ಬೆಕ್ಕು ಒಂದು ವಾರ ಸೀನಿತು. ಸಮುದ್ರದ ಹೊಯಿಗೆಯನ್ನೂ ನೋಡಿದ್ದೇನೆ. ಮಳೆಗಾಲದಲ್ಲಿ ಒಣಗುವುದಿಲ್ಲ, ವಾಸನೆ ಮನೆ ತುಂಬುತ್ತದೆ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ತರುವುದು ಸಣ್ಣ ಮರಿಯಾದರೆ ನೀರು ಬಿದ್ದಲ್ಲಿ ಗಟ್ಟಿಯಾಗುವ ಲಿಟರ್ ಬೇಡ. ಮರಿಗಳು ಅದನ್ನು ತಿಂದು ನೋಡುತ್ತವೆ, ಹೊಟ್ಟೆಯೊಳಗೂ ಅದು ಗಟ್ಟಿಯಾಗುತ್ತದೆ.

ಬದಿಯಡ್ಕದ ಮಾವ:

ಊಟದ ವಿಷಯ. ಅಕ್ಕ, ನಮ್ಮದೂ ಅದೇ ಸಮಸ್ಯೆ ಇತ್ತು. ಮೊದಲು ಒಂದು ಕತೆ ಹೇಳುತ್ತೇನೆ, ಇದು ಕೋರ್ಟಿನ ಕತೆ. 2020ರ ಏಪ್ರಿಲ್, ಲಾಕ್‌ಡೌನ್. ಎರ್ನಾಕುಲಂ ಕಡೆಯ ಒಬ್ಬರ ಮನೆಯಲ್ಲಿ ಮೂರು ಬೆಕ್ಕು. ಬೆಕ್ಕಿನ ಬಿಸ್ಕತ್ತು ಮುಗಿಯಿತು. ತರಲು ಹೋಗಲು ವಾಹನ ಪಾಸ್ ಕೇಳಿದರೆ ಸಿಗಲಿಲ್ಲ. ಅವರು ಕೇರಳ ಹೈಕೋರ್ಟಿಗೆ ಹೋದರು. ನಾನು ಸಸ್ಯಾಹಾರಿ, ನಮ್ಮಲ್ಲಿ ಮೀನು ಮಾಂಸ ಬೇಯಿಸುವುದಿಲ್ಲ, ಈ ಬಿಸ್ಕತ್ತು ಇಲ್ಲದಿದ್ದರೆ ಬೆಕ್ಕಿಗೆ ಬೇರೆ ಊಟ ಇಲ್ಲ ಅಂದರು. ಕೋರ್ಟು ಒಪ್ಪಿ, ಹೋಗಿ ತರಲು ಬಿಟ್ಟಿತು. ನಮ್ಮ ಮನೆಯಲ್ಲಿ ಅಮ್ಮ "ಬೆಕ್ಕಿನ ಬಿಸ್ಕತ್ತು ಅಂದರೆ ಆಡಂಬರ" ಅಂದಾಗ ನಾನು ಈ ತೀರ್ಪನ್ನೇ ಓದಿ ಹೇಳಿದ್ದು.

ವಿಷಯ ಏನೆಂದರೆ, ಬೆಕ್ಕು ನಾಯಿಯ ಹಾಗಲ್ಲ. ಮೊಸರನ್ನದಲ್ಲಿ ಬದುಕಲು ಅದರ ದೇಹ ಒಪ್ಪುವುದಿಲ್ಲ. ಟೌರಿನ್ ಅಂತ ಒಂದು ಅಂಶ ಇದೆ, ಅದು ಮಾಂಸ ಮೀನಿನಲ್ಲಿ ಸಿಗುತ್ತದೆ. ಬೆಕ್ಕಿಗೆ ಅದನ್ನು ಸಾಕಷ್ಟು ತಾನೇ ತಯಾರಿಸಿಕೊಳ್ಳಲು ಆಗುವುದಿಲ್ಲ. ತಿಂಗಳುಗಟ್ಟಲೆ ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಹಿಂದಿನ ಹಟ್ಟಿ ಬೆಕ್ಕುಗಳು ಅನ್ನ ತಿಂದು ಬದುಕಿದ್ದಲ್ಲ ಅಜ್ಜ, ಇಲಿ ತಿಂದು ಬದುಕಿದ್ದು. ಒಳಗೆ ಕೂರಿಸಿ ಸಾಕುವ ಬೆಕ್ಕಿಗೆ ಇಲಿ ಎಲ್ಲಿಂದ?

ನಮ್ಮಲ್ಲಿ ರಾಜಿ ಆದದ್ದು ಹೀಗೆ. ಒಣ ಬಿಸ್ಕತ್ತು ಮತ್ತು ಪೊಟ್ಟಣದ ಗ್ರೇವಿ. ಅದಕ್ಕೆ ಬೇರೆ ಬಟ್ಟಲು, ಬೇರೆ ಚಮಚ, ತೊಳೆಯುವುದು ಅಂಗಳದ ನಲ್ಲಿಯಲ್ಲಿ. ಅಡುಗೆಮನೆಗೆ ಸಂಬಂಧವೇ ಇಲ್ಲ. ಪೊಟ್ಟಣದ ಮೇಲೆ ಪೂರ್ಣ ಆಹಾರ ಅಂತ ಇದೆಯಾ ನೋಡಿ, ಕೆಲವು ಬರೀ ತಿಂಡಿ. ಬಟ್ಟಲು ಸ್ಟೀಲ್ ಅಥವಾ ಪಿಂಗಾಣಿ ಇರಲಿ, ಅಗಲವಾಗಿ ತಗ್ಗಾಗಿ. ಪ್ಲಾಸ್ಟಿಕ್‌ನಲ್ಲಿ ತಿಂದರೆ ಕೆಲವಕ್ಕೆ ಗಲ್ಲದಲ್ಲಿ ಗುಳ್ಳೆ ಏಳುತ್ತದೆ.

ಮತ್ತೆ ಇರುವೆ! ಯಾವ ಪಟ್ಟಿಯೂ ಇರುವೆಯ ಬಗ್ಗೆ ಹೇಳುವುದಿಲ್ಲ. ಒಂದು ಅಗಲ ತಟ್ಟೆಯಲ್ಲಿ ನೀರು ಹಾಕಿ, ಅದರ ನಡುವೆ ಬಟ್ಟಲು ಇಡಿ. ಮಳೆಗಾಲದಲ್ಲಿ ದೊಡ್ಡ ಚೀಲ ತರಬೇಡಿ, ಬಾಯಿ ತೆರೆದ ಮೇಲೆ ತಂಡಿ ಹಿಡಿದು ಕೆಡುತ್ತದೆ. ಸಣ್ಣದು ತಂದು ಬಿಗಿ ಮುಚ್ಚಳದ ಡಬ್ಬದಲ್ಲಿ ಹಾಕಿಡಿ.

ಮಂಜೇಶ್ವರದ ಟೀಚರ್:

ಮೀನು ತಿನ್ನುವ ಮನೆಯವರು "ನಮಗೆ ಚಿಂತೆ ಇಲ್ಲ" ಅಂದುಕೊಳ್ಳಬೇಡಿ. ಬರೀ ಬೂತಾಯಿ ತಲೆ, ಅನ್ನ ಪೂರ್ಣ ಊಟವಲ್ಲ. ಬೇಯಿಸಿ ಮುಳ್ಳು ತೆಗೆದು ಕೊಡಿ, ಉಪ್ಪು ಖಾರ ಇಲ್ಲದೆ. ಒಣಮೀನು ಬೇಡ, ಉಪ್ಪು ಜಾಸ್ತಿ. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಗಸಿ ಅಂತೂ ಬೇಡವೇ ಬೇಡ, ಅದು ಬೆಕ್ಕಿನ ರಕ್ತ ಕೆಡಿಸುತ್ತದೆ.

ಮುಳ್ಳೇರಿಯದ ಅಜ್ಜ:

ಹಾಲೂ ಬೇಡ ಅನ್ನುತ್ತೀರಾ ಹಾಗಾದರೆ?

ಬದಿಯಡ್ಕದ ಮಾವ:

ಹೌದು ಅಜ್ಜ, ಬೇಡ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗುವುದಿಲ್ಲ, ಭೇದಿ ಆಗುತ್ತದೆ. ತೆನಾಲಿ ರಾಮನ ಬೆಕ್ಕು ಹಾಲು ಕಂಡು ಓಡಿದ್ದು ಬುದ್ಧಿವಂತಿಕೆ. ನೀರು ಸಾಕು, ಊಟದ ಬಟ್ಟಲಿನಿಂದ ದೂರ ಇಡಬೇಕು.

ಬಾಯಾರಿನ ಕೃಷಿಕ:

ತರುವ ಸಾಮಾನಿನ ಮಾತು ಆಯಿತು. ಬೆಕ್ಕು ಬರುವ ಮೊದಲು ಮನೆಯಿಂದ ತೆಗೆಯಬೇಕಾದ ಸಾಮಾನು ಹೇಳುತ್ತೇನೆ. ನಾನು ಒಂದು ಬೆಕ್ಕು ಕಳೆದುಕೊಂಡು ಕಲಿತದ್ದು.

ಇಲಿ ಪಾಷಾಣ. ಅಡಿಕೆ ಅಟ್ಟದಲ್ಲಿ, ತೆಂಗಿನಕಾಯಿ ಕೋಣೆಯಲ್ಲಿ ಎಲ್ಲಾದರೂ ಹಳೆಯದು ಇದೆಯಾ ಹುಡುಕಿ. ಬೆಕ್ಕು ಅದನ್ನು ತಿನ್ನಬೇಕೆಂದಿಲ್ಲ, ಅದನ್ನು ತಿಂದ ಇಲಿಯನ್ನು ತಿಂದರೂ ಸಾಕು. ಎರಡನೆಯದು ಬೋರ್ಡೋ, ಅಡಿಕೆಗೆ ಬಿಡುವ ಮೈಲುತುತ್ತು ಸುಣ್ಣದ ಮದ್ದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಟ್ಟ ದಿನ ಬೆಕ್ಕನ್ನು ತೋಟಕ್ಕೆ ಬಿಡಬೇಡಿ. ಮೈಲುತುತ್ತು ಸೋಗೆಯಿಂದ ಹನಿದು ಹುಲ್ಲಿನ ಮೇಲೆ ಇರುತ್ತದೆ. ಬೆಕ್ಕು ಅದರ ಮೇಲೆ ನಡೆಯುತ್ತದೆ, ಬಂದು ಜಗಲಿಯಲ್ಲಿ ಕೂತು ಪಾದ ನೆಕ್ಕುತ್ತದೆ. ಮದ್ದು ಕಲಸಿದ ಡ್ರಮ್ಮು, ಬಾಲ್ದಿ ಕೂಡ ಮುಚ್ಚಿಡಿ.

ಮೂರನೆಯದು ನೆಲ ಒರೆಸುವ ಫಿನಾಯಿಲ್. ಇದು ನನಗೂ ತಡವಾಗಿ ಗೊತ್ತಾದದ್ದು. ಅದರ ಫಿನಾಲ್ ಅಂಶವನ್ನು ಬೆಕ್ಕಿನ ಲಿವರ್ ಹೊರಗೆ ಹಾಕಲಾರದು. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿದರೂ ವಿಷವೇ. ಸಾಬೂನು ನೀರಿನಲ್ಲಿ ಒರೆಸಿ.

ನೀರ್ಚಾಲಿನ ಅಕ್ಕ:

ಅಯ್ಯೋ, ನಾವು ದಿನಾ ಎರಡು ಹೊತ್ತು ಫಿನಾಯಿಲ್ ಹಾಕುವವರು. ಇವತ್ತೇ ಬಾಟಲಿ ಹಟ್ಟಿ ಕಡೆ ಹೋಯಿತು. ಒಂದು ಪ್ರಶ್ನೆ, ಔಷಧಿ ಏನಾದರೂ ತಂದಿಡಬೇಕಾ? ನಾಯಿಗೆ ತಂದ ಉಣ್ಣಿ ಮದ್ದು ಅರ್ಧ ಬಾಟಲಿ ಇದೆ.

ಮೃಗಾಸ್ಪತ್ರೆ ಪಕ್ಕದ ಮನೆ:

ಅದನ್ನು ಬೆಕ್ಕಿಗೆ ಮುಟ್ಟಿಸಲೇಬೇಡಿ! ನಾಯಿಯ ಕೆಲವು ಉಣ್ಣಿ ಮದ್ದಿನಲ್ಲಿ ಪರ್ಮೆತ್ರಿನ್ ಅಂತ ಒಂದು ಕೀಟನಾಶಕ ಇರುತ್ತದೆ. ನಾಯಿಗೆ ಏನೂ ಆಗದ ಪ್ರಮಾಣದಲ್ಲಿ ಬೆಕ್ಕು ನಡುಗಿ ಫಿಟ್ಸ್ ಬಂದು ಸಾಯುತ್ತದೆ. ಬೆಕ್ಕಿಗೆಂದೇ ಬೇರೆ ಮದ್ದು ಇದೆ, ತೂಕ ನೋಡಿ ಡಾಕ್ಟರು ಕೊಡುತ್ತಾರೆ. ಜ್ವರ ಬಂದರೆ ಪ್ಯಾರಾಸಿಟಮಾಲ್ ಕೂಡ ಕೊಡಬಾರದು. ಒಂದು ಮಾತ್ರೆ ಸಾಕು ಪ್ರಾಣ ಹೋಗಲು.

ಔಷಧಿ ತಂದಿಡುವ ಬದಲು ಡಾಕ್ಟರನ್ನು ಮೊದಲೇ ಗೊತ್ತುಮಾಡಿಡಿ. ನಮ್ಮ ಪಂಚಾಯತುಗಳ ಮೃಗಾಸ್ಪತ್ರೆಗಳಲ್ಲಿ ದನ, ಆಡಿನ ಕೆಲಸವೇ ಜಾಸ್ತಿ. ಬೆಕ್ಕಿನ ಲಸಿಕೆ ಇದೆಯಾ ಅಂತ ಮುಂಚೆ ಫೋನ್ ಮಾಡಿ ಕೇಳಿ ಹೋಗಿ. ಇಲ್ಲದಿದ್ದರೆ ಕಾಸರಗೋಡು ಅಥವಾ ಮಂಗಳೂರು. ಬೆಕ್ಕು ಕೊಡುವವರ ಹತ್ತಿರ ಲಸಿಕೆ ಕಾರ್ಡ್ ಕೇಳಿ ತೆಗೆದುಕೊಳ್ಳಿ. ಎರಡು ಇರಬೇಕು. ಒಂದು ಮೂರು ರೋಗಕ್ಕೆ ಒಟ್ಟಿಗೆ ಕೊಡುವ ಲಸಿಕೆ, ಇನ್ನೊಂದು ರೇಬೀಸ್. ಹುಳದ ಮದ್ದು ಕೊನೆಯ ಸಲ ಯಾವಾಗ ಕೊಟ್ಟದ್ದು, ಅದೂ ಬರೆಸಿಕೊಳ್ಳಿ. ಎಡಗಿವಿಯ ತುದಿ ಕತ್ತರಿಸಿದ್ದಾರಾ ನೋಡಿ. ಅದು ಗಾಯವಲ್ಲ, ಬೀದಿ ಬೆಕ್ಕಿಗೆ ಆಪರೇಷನ್ ಆಗಿದೆ ಅಂತ ಇಡುವ ಗುರುತು.

ಪರಚಿದರೆ ಅರಿಶಿನ ಹಚ್ಚಿ ಕೂರಬೇಡಿ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಕುಂಬಳೆಯ ಸೊಸೆ:

ಚರ್ಚೆ ಮಧ್ಯೆ ನನ್ನದೊಂದು. ನಮ್ಮಲ್ಲಿ ಕಳೆದ ವರ್ಷ ಒಂದು ಮರಿ ವಾಂತಿ ಭೇದಿಯಾಗಿ ಎರಡೇ ದಿನದಲ್ಲಿ ಸತ್ತಿತು, ಪ್ಯಾನ್‌ಲ್ಯೂಕೋ ಅಂತ ವೈರಸ್ ರೋಗ ಅಂದರು ಡಾಕ್ಟರು. ಅದರ ಟ್ರೇ, ಬಟ್ಟಲು ಹಾಗೇ ಇದೆ. ಹೊಸ ಬೆಕ್ಕಿಗೆ ಆಗುತ್ತದಾ? ಮತ್ತೆ ನಾನೀಗ ನಾಲ್ಕು ತಿಂಗಳ ಬಸುರಿ. ಬೆಕ್ಕು ಬೇಡ ಅಂತ ಅತ್ತೆ ಹೇಳುತ್ತಿದ್ದಾರೆ.

ಮೃಗಾಸ್ಪತ್ರೆ ಪಕ್ಕದ ಮನೆ:

ಆ ವೈರಸ್ ಮನೆಯೊಳಗೆ ಒಂದು ವರ್ಷದವರೆಗೂ ಜೀವ ಹಿಡಿದಿರಬಲ್ಲದು. ಫಿನಾಯಿಲ್‌ಗೆ, ಸ್ಪಿರಿಟ್‌ಗೆ ಸಾಯುವುದಿಲ್ಲ. ಬಟ್ಟೆ, ಹಾಸಿಗೆ, ಪ್ಲಾಸ್ಟಿಕ್ ಟ್ರೇ ಎಲ್ಲ ಎಸೆಯಿರಿ. ಸ್ಟೀಲ್ ಬಟ್ಟಲನ್ನು ಮೊದಲು ಸಾಬೂನಿನಲ್ಲಿ ತೊಳೆದು, ಆಮೇಲೆ 1 ಲೀಟರ್ ನೀರಿಗೆ 30 ಮಿಲಿ ಬ್ಲೀಚ್ ಹಾಕಿ 10 ನಿಮಿಷ ಮುಳುಗಿಸಿಡಿ. ನೆಲಕ್ಕೂ ಅದೇ, ಆಮೇಲೆ ನೀರು ಹಾಕಿ ತೊಳೆದು ಒಣಗಿಸಿ. ಲಸಿಕೆ ಪೂರ್ತಿ ಆದ ದೊಡ್ಡ ಬೆಕ್ಕನ್ನೇ ತನ್ನಿ, ಮರಿ ಬೇಡ.

ಬಸುರಿಯಾದ ಕಾರಣ ಬೆಕ್ಕನ್ನೇ ಬಿಡಬೇಕೆಂದಿಲ್ಲ ತಂಗಿ. ಹೆದರಿಕೆ ಇರುವುದು ಟಾಕ್ಸೋಪ್ಲಾಸ್ಮಾ ಅಂತ ಒಂದು ಪರಜೀವಿಯದ್ದು, ಅದು ಬೆಕ್ಕಿನ ಹೇಲಿನಲ್ಲಿ ಬರುತ್ತದೆ. ಆದರೆ ಹೊರಗೆ ಬಿದ್ದ ಕೂಡಲೇ ಅದು ಅಂಟುವುದಿಲ್ಲ, ಕಡಿಮೆಯೆಂದರೆ ಒಂದು ದಿನವಾದರೂ ಬೇಕು. ದಿನಾ ತೆಗೆದರೆ ಭಯ ಕಡಿಮೆ. ಆ ಕೆಲಸ ಗಂಡನಿಗೆ ವಹಿಸಿ. ತೋಟದ ಮಣ್ಣು ಮುಟ್ಟಿದ ಮೇಲೆ ಕೈ ತೊಳೆಯಿರಿ, ತರಕಾರಿ ಚೆನ್ನಾಗಿ ತೊಳೆಯಿರಿ, ಅರೆಬೆಂದ ಮಾಂಸ ತಿನ್ನಬೇಡಿ. ನಿಮ್ಮ ಡಾಕ್ಟರಿಗೂ ಒಂದು ಮಾತು ಹೇಳಿಡಿ. ಅತ್ತೆಗೆ ಇದನ್ನೇ ಓದಿ ಹೇಳಿ.

ಉಪ್ಪಳದ ಹುಡುಗ:

ಆಟಿಕೆ ಬಗ್ಗೆ ಯಾರೂ ಹೇಳಲಿಲ್ಲ, ಪಾಪ ಬೆಕ್ಕು. ಒಂದು ಕೋಲಿಗೆ ಗರಿ ಕಟ್ಟಿದ್ದು ಸಾಕು. ಆಡಿದ ಮೇಲೆ ಎತ್ತಿಡಿ, ದಾರ ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ರಬ್ಬರ್ ಬ್ಯಾಂಡ್, ಹೊಲಿಗೆ ನೂಲು ಕೂಡ ಹಾಗೇ. ಉಗುರು ಉಜ್ಜುವ ಕಂಬಕ್ಕೆ ಎಂಟುನೂರೋ ಸಾವಿರವೋ ಕೊಡಬೇಡಿ. ಮೂರಡಿ ಅಡಿಕೆ ಮರದ ತುಂಡು, ಅದಕ್ಕೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿ, ಅಡಿಗೆ ಭಾರದ ಹಲಗೆ ಹೊಡೆಯಿರಿ. ಅಲುಗಿದರೆ ಬೆಕ್ಕು ಮತ್ತೆ ಹತ್ತಿರ ಬರುವುದಿಲ್ಲ, ಸೋಫಾಕ್ಕೆ ಹೋಗುತ್ತದೆ.

ಮುಳ್ಳೇರಿಯದ ಅಜ್ಜ:

ಅಡಿಕೆ ಮರದ ತುಂಡು ಬೇಕಾದರೆ ನಮ್ಮ ತೋಟದಲ್ಲಿ ಗಾಳಿಗೆ ಬಿದ್ದದ್ದು ನಾಲ್ಕಿದೆ. ಯಾರಾದರೂ ಬಂದು ತೆಗೆದುಕೊಂಡು ಹೋಗಿ. ಹಣ ಬೇಡ.

ನೀರ್ಚಾಲಿನ ಅಕ್ಕ:

ಹತ್ತು ದಿನದ ವರದಿ. ಚುಕ್ಕಿ ಬಂದಳು. ಕೊನೆಗೆ ನಾವು ತಂದದ್ದು ಕ್ಯಾರಿಯರ್, ಎರಡು ಟಬ್, ಅವರು ಹೇಳಿದ ಅದೇ ಲಿಟರ್ ಒಂದು ಚೀಲ, ಅವಳು ತಿನ್ನುತ್ತಿದ್ದ ಅದೇ ಬಿಸ್ಕತ್ತು, ಉಗುರು ಕತ್ತರಿ, ಕಿಟಕಿಗೆ ಬಲೆ. ಬಲೆಗೇ ಜಾಸ್ತಿ ಖರ್ಚಾಯಿತು. ಅಜ್ಜನ ಮರದ ತುಂಡು ಬಂತು, ಹಗ್ಗ ಸುತ್ತಿದ್ದು ಮನೆಯವರು.

ಮೂರು ದಿನ ರಟ್ಟಿನ ಪೆಟ್ಟಿಗೆಯೊಳಗೆ. ಬೆಳಗ್ಗೆ ಬಟ್ಟಲು ಖಾಲಿ, ಟಬ್‌ನಲ್ಲಿ ಎರಡು ಉಂಡೆ, ಅಷ್ಟೇ ನಮಗೆ ಸಿಕ್ಕಿದ ಸುದ್ದಿ. ನಾಲ್ಕನೇ ರಾತ್ರಿ ಟಕ್ ಟಕ್ ಶಬ್ದ. ಬಾಗಿಲ ಸಂದಿಯಿಂದ ನೋಡಿದರೆ, ಮೂಲೆಯಲ್ಲಿ ಬಿದ್ದಿದ್ದ ಒಂದು ಒಣ ಅಡಿಕೆಯನ್ನು ಗೋಡೆಯಿಂದ ಗೋಡೆಗೆ ತಟ್ಟಿ ಓಡಿಸುತ್ತಿದ್ದಾಳೆ. ಪೆಟ್ಟಾದ ಕಾಲು ಚೂರು ಎಳೆಯುತ್ತಾಳೆ, ಆದರೂ ಏನು ವೇಗ! ಗರಿ ಕೋಲನ್ನು ಮೂಸಿಯೂ ನೋಡಿಲ್ಲ.

ಒಂದೇ ತಪ್ಪು ನನ್ನದು. ಐದನೇ ದಿನ ಖುಷಿಯಲ್ಲಿ ಬೇರೆ ಕಂಪೆನಿಯ ಗ್ರೇವಿ ಒಮ್ಮೆಲೇ ಕೊಟ್ಟೆ. ಎರಡು ದಿನ ಭೇದಿ. ಹಳೆಯದಕ್ಕೆ ಹೊಸತು ಸ್ವಲ್ಪ ಸ್ವಲ್ಪ ಸೇರಿಸಿ, ಒಂದು ವಾರ ಹತ್ತು ದಿನದಲ್ಲಿ ಬದಲಾಯಿಸಬೇಕಂತೆ. ಡಾಕ್ಟರು ಹೇಳಿದ ಮೇಲೆ ಗೊತ್ತಾಯಿತು. ಈಗ ಸರಿಯಾಗಿದ್ದಾಳೆ.

ಲಿಟರ್ ಇನ್ನು ನಾಲ್ಕು ದಿನಕ್ಕೆ ಇದೆ. ಇಲ್ಲಿ ಹತ್ತಿರ ಆ ಕಂಪೆನಿಯದ್ದು ಎಲ್ಲೂ ಸಿಗುತ್ತಿಲ್ಲ.

ಪೆರ್ಲದ ಭಾವ:

ನಾನು ಶನಿವಾರ ಮಂಗಳೂರಿಗೆ ಹೋಗುವವ. ಎರಡು ಚೀಲ ತರಲಾ? ಬರುವಾಗ ಬದಿಯಡ್ಕ ಬಸ್ ಸ್ಟ್ಯಾಂಡಿನಲ್ಲಿ ಕೊಡುತ್ತೇನೆ.

ನೀರ್ಚಾಲಿನ ಅಕ್ಕ:

ಒಂದು ಸಾಕು ಭಾವ. ಅದು ಮುಗಿಯುವುದರೊಳಗೆ ಮರದ ಹುಡಿ ಸೇರಿಸಲು ಶುರು ಮಾಡುತ್ತೇನೆ. ಟೀಚರ್, ಎಷ್ಟು ಸಣ್ಣ ಕಣ್ಣಿನ ಜರಡಿ?

ಮಂಜೇಶ್ವರದ ಟೀಚರ್:

ರವೆ ಜರಡಿ. ಆಮೇಲೆ ಅದನ್ನು ಅಡುಗೆಮನೆಗೆ ವಾಪಸ್ ತರಬೇಡಿ ಮಾರಾಯ್ತಿ.